ಮೀನು ಮುಟ್ಟದ ಮನೆ

ಗಂಗೊಳ್ಳಿ ಕಡೆಯವರ ಮನೆಯಿಂದ ಭಾನುವಾರ ಮೀನಿನ ವಾಸನೆ ಬರಲಿಲ್ಲವೆಂದರೆ ನೆರೆಯವರು ಬಂದು ಬಾಗಿಲು ತಟ್ಟಿ, “ಎಂಥ ಆಯ್ತು ಮಾರ್ರೆ, ಹುಷಾರಿಲ್ವಾ?” ಎಂದು ಕೇಳುತ್ತಾರೆ. ದುಬೈಯ ಅಲ್ ಕುಸೈಸ್‌ನಲ್ಲಿ ಮಗ್ದಲೀನಳ ಬಾಗಿಲನ್ನು ಹಾಗೆ ತಟ್ಟುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಅವಳು ಹೇಳಿಬಿಡುತ್ತಿದ್ದಳೋ ಏನೋ. ಹುಷಾರಿಲ್ಲ, ನನ್ನ ಗಂಡನಿಗೆ ಹುಷಾರಿಲ್ಲ, ಚಳಿಗಾಲದ ಕೊನೆಯಿಂದ ಈ ಸೆಪ್ಟೆಂಬರಿನ ತನಕ ನನ್ನ ಅಡುಗೆಮನೆಗೆ ಒಂದು ಸಿಗಡಿಯ ಮೀಸೆಯೂ ಬಂದಿಲ್ಲ ಎಂದು.

ಅವಳ ಗಂಡ ಗೇಬ್ರಿಯಲ್ ಬಡಗಿ. ಫ್ಲ್ಯಾಟಿನ ಹಿಂದೆ ಗೋದಾಮುಗಳ ಸಾಲಿನಲ್ಲಿ ಅವನ ವರ್ಕ್‌ಶಾಪು. ಅವನದು ಎಂದರೆ ಅರ್ಧ ಅವನದು, ಇನ್ನರ್ಧ ಆರ್ವಿದ್‌ನದು. ಆರ್ವಿದ್ ಸ್ವೀಡನ್ನಿನವನು. ಶ್ರೀಮಂತರ ವಿಹಾರನೌಕೆಗಳ ಒಳಗಿನ ಮರಗೆಲಸಕ್ಕೆಂದು ಎಳೆಯ ವಯಸ್ಸಿನಲ್ಲಿ ಯಾವುದೋ ಕಂಪನಿ ಕರೆಸಿಕೊಂಡಿತ್ತು. ಕಂಪನಿ ಮುಚ್ಚಿತು, ಜೊತೆಗೆ ಬಂದವರೆಲ್ಲ ಊರು ಸೇರಿದರು, ಹೆಂಡತಿಯೂ ಮಗಳನ್ನು ಕರೆದುಕೊಂಡು ಹೊರಟುಹೋದಳು. ಇವನು ಮಾತ್ರ ಉಳಿದ. ಬಿಳಿಯ ಎಂದರೆ ಏಸಿ ರೂಮಿನಲ್ಲಿ ಕೂತು ಇನ್ನೊಬ್ಬರಿಂದ ಕೆಲಸ ಮಾಡಿಸುವವನು ಎಂದು ತಿಳಿದಿದ್ದ ಜನಕ್ಕೆ, ಮರದ ಲಾಂಚಿನ ಹೊಟ್ಟೆಯಡಿ ಮಲಗಿಕೊಂಡು ನೀರು ನುಗ್ಗದಂತೆ ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಬತ್ತಿ ಬಡಿಯುವ ಈ ಮನುಷ್ಯನನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ತಿಳಿಯಲಿಲ್ಲ. ಗೇಬ್ರಿಯಲ್ ತಮ್ಮನ ಲೆಕ್ಕಕ್ಕೆ ಹಾಕಿಕೊಂಡ. ವರ್ಕ್‌ಶಾಪಿನ ಹುಡುಗರು ಅವನನ್ನು ಅರವಿಂದಣ್ಣ ಎಂದು ಕರೆದರು. ಅವರಿಂದ ಕಲಿತು ಅವನು, ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ, ಮಗ್ದಲೀನಳನ್ನು ಬಾಯಮ್ಮ ಎಂದ.

ವಾರಕ್ಕೊಮ್ಮೆ, ಚರ್ಚಿನಿಂದ ಇವರು ಮನೆಗೆ ಬರುವ ಹೊತ್ತಿಗೆ ಸರಿಯಾಗಿ, ಆರ್ವಿದ್ ಕೆಳಗೆ ಲಿಫ್ಟಿನ ಹತ್ತಿರ ನಿಂತಿರುತ್ತಿದ್ದ. ತಾನು ಎಂದೂ ಚರ್ಚಿಗೆ ಹೋದವನಲ್ಲ. “ಪೂಜೆ ನಿಮಗೆ, ಊಟ ನನಗೆ,” ಎನ್ನುತ್ತಿದ್ದ. ಮಗ್ದಲೀನ್ ಮಾಡಿದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಅವನು ತಿನ್ನುತ್ತಿದ್ದ ಚಂದ ನೋಡಬೇಕಿತ್ತು. ಕಿವಿ ಕೆಂಪಾಗಿ, ಮೂಗು ಸೋರಿ, ಬಂಗುಡೆಯ ತಲೆಯನ್ನೂ ಬಿಡದೆ ಚೀಪಿ, ಕೊನೆಗೆ ಬಾಲ್ಕನಿಗೆ ಹೋಗಿ ಮಗಳಿಗೆ ಫೋನ್ ಮಾಡುತ್ತಿದ್ದ. ಅವನ ಭಾಷೆ ಮಗ್ದಲೀನಳಿಗೆ ತಿಳಿಯದಿದ್ದರೂ ನಡುವೆ ‘ಬಂಗುಡೆ’ ಎಂಬ ಮಾತು ಕೇಳಿಸುತ್ತಿತ್ತು.

ಹೊಸದಾಗಿ ಬತ್ತಿ ಬಡಿದ ಲಾಂಚು ಮೊದಲ ಸಲ ಕಡಲಿಗೆ ಇಳಿಯುವಾಗ ಕೆಲಸ ಮಾಡಿದವನೊಬ್ಬ ಅದರ ಜೊತೆಗೆ ಹೋಗಬೇಕು. ಎಲ್ಲಾದರೂ ನೀರು ಜಿನುಗಿದರೆ ಅಲ್ಲೇ ಸರಿಮಾಡಬೇಕು. ಕಸುಬಿನ ಮರ್ಯಾದೆ ಅದು. ಆ ಮರ್ಯಾದೆಯನ್ನು ಯಾವಾಗಲೂ ಉಳಿಸುತ್ತಿದ್ದವನು ಆರ್ವಿದ್. ಏಕೆಂದರೆ ಗೇಬ್ರಿಯಲ್‌ಗೆ ಕಡಲು ಹಿಡಿಸುವುದಿಲ್ಲ. ಅಜ್ಜ, ಮುತ್ತಜ್ಜ ದೋಣಿ ಕಟ್ಟಿದವರು, ತಾನು ದೋಣಿ ಕಟ್ಟುವವನು, ದೋಣಿ ಎರಡು ಸಲ ತೂಗಿತೆಂದರೆ ಬೆಳಗಿನ ಚಹಾ ಹೊರಗೆ. ಹುಡುಗರೆಲ್ಲ ನಗುತ್ತಿದ್ದರು, ಅವನೂ ನಗುತ್ತಿದ್ದ.

ತೌಫೀಕ್ ಭಟ್ಕಳದವನು. ಅಲ್ ಮುರಕ್ಕಬಾತ್‌ನಲ್ಲಿ ಅಂಗಡಿ, ಒಂದು ಹಳೆಯ ಲಾಂಚು. ಆ ಲಾಂಚನ್ನು ಇಬ್ಬರೂ ಸೇರಿ ಇಡೀ ಒಂದು ವರ್ಷ ರಿಪೇರಿ ಮಾಡಿದ್ದರು. ಅದು ಸಾಮಾನು ತುಂಬಿಕೊಂಡು ಒಮಾನಿನ ಸಲಾಲಾಕ್ಕೆ ಹೊರಟಾಗ ಆರ್ವಿದ್ ಹತ್ತಿದ. ಫುಜೈರಾ ದಾಟಿದ ಮೇಲೆ, ಗಾಳಿ ಎದ್ದಿದ್ದ ಒಂದು ಸಂಜೆ, ತೇಲಿಕೊಂಡು ಬಂದ ಏನೋ ಒಂದು ದೊಡ್ಡ ವಸ್ತು ಅದರ ಪಕ್ಕೆಗೆ ಬಡಿಯಿತು. ಹಲಗೆ ಒಡೆಯಿತು. ಆರ್ವಿದ್ ಕೊಡತಿ ಹಿಡಿದು ಹತ್ತಿಯ ಗಂಟು ಹೆಗಲಿಗೆ ಹಾಕಿಕೊಂಡು ಕೆಳಗಿಳಿದ. ಕೆಳಗಿನಿಂದ ಬಡಿಯುವ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತಂತೆ. ಹಾಗೆಂದು ಹೇಳಿದವರು ಬದುಕಿ ಬಂದ ಐವರು ಖಲಾಸಿಗಳು. ಖಾಲಿ ಡ್ರಮ್ಮುಗಳನ್ನು ಅಪ್ಪಿಕೊಂಡು ತೇಲುತ್ತಿದ್ದ ಅವರನ್ನು ಬೇರೊಂದು ದೋಣಿ ಎತ್ತಿಕೊಂಡಿತು. ಆರ್ವಿದ್ ಮೇಲೆ ಬರಲಿಲ್ಲ. ಅವನ ಹೆಣವೂ ಬರಲಿಲ್ಲ.

ಸುದ್ದಿ ಕೇಳಿದ ದಿನ ಗೇಬ್ರಿಯಲ್ ಅಳಲಿಲ್ಲ. ಫ್ರಿಜ್ಜಿನಲ್ಲಿದ್ದ ಬಂಗುಡೆಯನ್ನು ತೆಗೆದು ಕವರಿನಲ್ಲಿ ಕಟ್ಟಿ ಕೆಳಗೆ ಕಸದ ಡಬ್ಬಿಗೆ ಹಾಕಿ ಬಂದ.

ಗೇಬ್ರಿಯಲ್‌ನ ಮನೆತನದ ಶಾಸ್ತ್ರ ಮಗ್ದಲೀನಳಿಗೆ ಗೊತ್ತಿತ್ತು. ಮನೆಯವನೊಬ್ಬನನ್ನು ಕಡಲು ತೆಗೆದುಕೊಂಡರೆ, ಹೆಣ ಸಿಕ್ಕಿ ಮಣ್ಣು ಮಾಡುವ ತನಕ ಆ ಮನೆಯವರು ಮೀನು ಮುಟ್ಟುವುದಿಲ್ಲ. ಯಾಕೆಂದು ಯಾರೂ ಕೇಳುವುದಿಲ್ಲ. ಕೇಳಬಾರದಂಥ ಉತ್ತರ ಅದು. ಅವಳು ಮದುವೆಯಾಗಿ ಗಂಗೊಳ್ಳಿಗೆ ಹೋದಾಗ ಗೇಬ್ರಿಯಲ್‌ನ ಅಜ್ಜಿ ಇನ್ನೂ ಇದ್ದಳು. ಹರೆಯದಲ್ಲೇ ಗಂಡನನ್ನು ಕಡಲಿಗೆ ಕೊಟ್ಟವಳು. ಆಮೇಲೆ ಸಾಯುವ ತನಕ ಮಾವಿನ ಮಿಡಿ ನಂಜಿಕೊಂಡು ಗಂಜಿ ಉಂಡಳು. ಮೊದಲು ಮೀನು ಬಿಟ್ಟಳು, ಆಮೇಲೆ ಹಬ್ಬ ಬಿಟ್ಟಳು, ಕೊನೆಕೊನೆಗೆ ಮಾತನ್ನೂ ಬಿಟ್ಟು ಜಗಲಿಯಲ್ಲಿ ಕೂತು ಹೊಳೆ ಕಡಲು ಸೇರುವ ಅಳಿವೆಯನ್ನೇ ನೋಡುತ್ತಿದ್ದಳು. ಮನೆ ತುಂಬ ಮಕ್ಕಳು ಮೊಮ್ಮಕ್ಕಳು, ಅವಳಿಗೆ ಒಬ್ಬರೂ ಬೇಕಾಗಿರಲಿಲ್ಲ. ಹೊಸ ಮದುಮಗಳಾಗಿ ಅವಳಿಗೆ ಚಹಾ ಕೊಟ್ಟವಳು ಮಗ್ದಲೀನ್. ಆ ಕಣ್ಣುಗಳನ್ನು ಅವಳು ಮರೆತಿರಲಿಲ್ಲ.

ಈಗ ಅವೇ ಕಣ್ಣುಗಳು ಗಂಡನ ಮುಖಕ್ಕೆ ಬಂದು ಕೂತಿದ್ದವು.

ಭಾನುವಾರ ಬಂತೆಂದರೆ ಗೇಬ್ರಿಯಲ್ ಚರ್ಚಿಗೂ ಹೋಗದೆ ಪಿಕಪ್ ತೆಗೆದುಕೊಂಡು ಫುಜೈರಾಕ್ಕೆ ಹೋಗುತ್ತಿದ್ದ. ಕಡಲ ದಂಡೆಯಲ್ಲಿ ಬಲೆ ಬಿಡಿಸುವವರಿಗೆಲ್ಲ ಮೊಬೈಲಿನಲ್ಲಿ ಆರ್ವಿದ್‌ನ ಫೋಟೋ ತೋರಿಸಿ, ಬಿಸಿಲಿಗೆ ಸುಟ್ಟ ಬದನೆಕಾಯಿ ಹಾಗಾಗಿ ಮನೆಗೆ ಬರುತ್ತಿದ್ದ. ವರ್ಕ್‌ಶಾಪಿಗೆ ಬರುವ ಕೆಲಸವನ್ನು ‘ಆರ್ವಿದ್ ಬರಲಿ’ ಎಂದು ಹಿಂದಕ್ಕೆ ಕಳಿಸುತ್ತಿದ್ದ. ಮಗ್ದಲೀನ್ ಆಸ್ಪತ್ರೆಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸದವಳು. ಸತ್ತವರ ಹಾಸಿಗೆ ಬದಲಿಸಿ ಬದಲಿಸಿ ಅವಳ ಕೈ ಪಳಗಿತ್ತು. ಸಾವು ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ತನ್ನ ಮನೆಯಲ್ಲಿ ಮಾತ್ರ ಆ ಶಬ್ದವನ್ನು ಆಡುವ ಹಾಗಿರಲಿಲ್ಲ.

ಒಮ್ಮೆ ಧೈರ್ಯ ಮಾಡಿದಳು. “ಆರ್ವಿದ್ ಹೆಸರಲ್ಲಿ ಒಂದು ಪೂಜೆ ಆದ್ರೂ ಕೊಡುವಾ?”

“ಸಿಗದವನಿಗೆ ಸತ್ತವರ ಪೂಜೆ ಹೇಳಿಸಿದ್ರೆ ನಾವೇ ಕೊಂದ ಹಾಗೆ,” ಎಂದ ಗೇಬ್ರಿಯಲ್. “ನಾನು ಹೋಗ್ಬೇಕಾದ ಜಾಗಕ್ಕೆ ಅವ ಹೋದದ್ದು. ಇನ್ನು ಪೂಜೆಯಲ್ಲೂ ನಾನೇ ಮುಳುಗಿಸ್ಲಾ ಅವನನ್ನು?”

ತೌಫೀಕ್ ಕೂಡ ಒಂದು ಸಂಜೆ ಮನೆಗೆ ಬಂದ. ಲಾಂಚು ಹೋದ ದುಃಖ ಅವನಿಗೂ ಇತ್ತು. ಆದರೆ ಅವನು ಅದನ್ನು ಬಾಯಿಗೆ ತರಲಿಲ್ಲ. “ಗೇಬ್ರಿಯಲ್ ಭಾಯಿ, ಖಲಾಸ್. ಸರ್ಕಾರದವ್ರೇ ಹುಡುಕೂದು ನಿಲ್ಲಿಸಿದ್ರು. ನಾವು ಮಸೀದಿಯಲ್ಲಿ ದುವಾ ಮಾಡಿ ಆಯ್ತು ಅವನಿಗೆ. ನೀವೂ ಬಿಡಿ ಇನ್ನು. ಅವ ನಿಮ್ಮ ರಕ್ತಸಂಬಂಧಿಯಾ, ಇಷ್ಟು ಪಥ್ಯ ಮಾಡ್ಲಿಕ್ಕೆ?” ಎಂದ.

ಗೇಬ್ರಿಯಲ್ ಅವನಿಗೆ ಚಹಾ ಕೊಡಿಸಿ ಕಳಿಸಿದ. ರಕ್ತ ಎಂಬುದು ಮೈಯಲ್ಲಿ ಹರಿಯುವುದು ಮಾತ್ರ ಎಂದು ತಿಳಿದವರ ಹತ್ತಿರ ವಾದ ಮಾಡಿ ಏನು ಪ್ರಯೋಜನ?

ಸೆಪ್ಟೆಂಬರಿನಲ್ಲಿ ಮಗಳು ಲವಿಟಾಳ ಫೋನ್ ಬಂತು. ಅವಳು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ರಿಸೆಪ್ಷನಿಸ್ಟ್. “ಮಮ್ಮಿ, ಆರ್ವಿದ್ ಅಂಕಲ್‌ನ ಮಗಳು ಬಂದಿದ್ದಾಳೆ. ಎಬ್ಬಾ ಅಂತ. ರಾಯಭಾರ ಕಚೇರಿಯಲ್ಲಿ ಏನೋ ಕೆಲಸವಂತೆ, ನಮ್ಮ ಹೋಟೆಲಲ್ಲೇ ಉಳ್ಕೊಂಡಿದ್ದಾಳೆ. ಸಂಡೇ ನಿಮ್ಮಲ್ಲಿಗೆ ಊಟಕ್ಕೆ ಬರ್ಬೇಕಂತೆ. ಕರ್ಕೊಂಡು ಬರ್ಲಾ?”

“ಕರ್ಕೊಂಡು ಬಾ. ಕೇಳೂದೆಂಥ ಅದರಲ್ಲಿ?” ಎಂದಳು ಮಗ್ದಲೀನ್. ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಕಪಾಟು ತೆರೆದಳು. ಅಪ್ಪನನ್ನು ಕಡಲಿಗೆ ಕಳೆದುಕೊಂಡ ಹುಡುಗಿ, ಅವಳ ಮುಂದೆ ಏನನ್ನಿಡುವುದು? ಮೀನಂತೂ ಆ ಮನೆಗೆ ಬರುವಂತಿಲ್ಲ. ಬರುವಂತಿದ್ದರೂ, ಆ ಕಡಲಿನ ಮೀನನ್ನು ಆ ಹುಡುಗಿಯ ತಟ್ಟೆಗೆ ಬಡಿಸಲು ಯಾವ ಹೆಂಗಸಿಗೆ ಕೈ ಬಂದೀತು? ಕೋಳಿ ಸುಕ್ಕ, ತುಪ್ಪದ ಅನ್ನ, ಇಡ್ಲಿಯಂಥ ಸನ್ನಾಣ ಎಂದು ತೀರ್ಮಾನಿಸಿದಳು. ಅಡುಗೆಮನೆಯಲ್ಲಿ ಹಳೆಯ ವಾಸನೆ ಉಳಿದಿದ್ದರೆ ಅದೂ ಹೋಗಲಿ ಎಂದು, ಮೀನು ಬೇಯಿಸುವ ಮಣ್ಣಿನ ಪಾತ್ರೆ ಬಿಸಲೆಯನ್ನು ಪೇಪರಿನಲ್ಲಿ ಸುತ್ತಿ ಮಂಚದಡಿ ಅಡಗಿಸಿದಳು. ಕರಾವಳಿಯವರ ಬುದ್ಧಿಯೇ ಹಾಗೆ. ಇನ್ನೊಬ್ಬರ ದುಃಖ ಯಾವ ವಾಸನೆಗೆ ಏಳುತ್ತದೆಂದು ತಮಗೆ ಗೊತ್ತಿದೆ ಎಂದೇ ತಿಳಿದಿರುತ್ತಾರೆ.

ಆ ಭಾನುವಾರ ಗೇಬ್ರಿಯಲ್ ಫುಜೈರಾಕ್ಕೆ ಹೋಗಲಿಲ್ಲ. ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಪ್ಪು ಮಾಡಿದ ಶಾಲೆ ಹುಡುಗನಂತೆ ಸೋಫಾದ ತುದಿಯಲ್ಲಿ ಕೂತ.

ಎಬ್ಬಾ ಒಳಗೆ ಬಂದಾಗ ಮಗ್ದಲೀನ್ ಬಾಗಿಲಲ್ಲೇ ನಿಂತುಬಿಟ್ಟಳು. ಮೂವತ್ತರ ಆಸುಪಾಸಿನ ಹೆಂಗಸು, ಆದರೆ ಆರ್ವಿದ್‌ನದೇ ಅಗಲ ಹಣೆ, ಅವನದೇ ದೊಡ್ಡ ದೊಡ್ಡ ಕೈ. ಅವಳು ಕೈ ಕುಲುಕಲಿಲ್ಲ. “ಬಾಯಮ್ಮ,” ಎಂದಳು. ಮಗ್ದಲೀನ್ ಅವಳನ್ನು ತಬ್ಬಿಕೊಂಡಳು. ಗೇಬ್ರಿಯಲ್ ಎದ್ದು ನಿಂತ, ಮತ್ತೆ ಕೂತ.

ಊಟಕ್ಕೆ ಕೂತರು. ಎಬ್ಬಾ ಮೇಜಿನ ಮೇಲಿದ್ದ ಪಾತ್ರೆಗಳನ್ನು ಒಂದೊಂದಾಗಿ ನೋಡಿದಳು. ಲವಿಟಾಳ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಮೆಲ್ಲಗೆ ಕೇಳಿದಳು. ಲವಿಟಾ ತುಟಿ ಕಚ್ಚಿದಳು.

“ಎಂಥ ಹೇಳ್ತಾಳೆ?” ಎಂದಳು ಮಗ್ದಲೀನ್.

“ಬಂಗುಡೆ ಎಲ್ಲಿ ಅಂತ ಕೇಳ್ತಾಳೆ, ಮಮ್ಮಿ. ಅಪ್ಪ ಪ್ರತಿ ಸಂಡೇ ಫೋನ್ ಮಾಡಿ ಇವತ್ತು ಬಂಗುಡೆಗೆ ಹುಳಿ ಎಷ್ಟಿತ್ತು, ಖಾರ ಎಷ್ಟಿತ್ತು ಅಂತ ಹೇಳ್ತಿದ್ರಂತೆ. ಅವಳು ಬಂದದ್ದೇ ಅದನ್ನು ತಿನ್ಲಿಕ್ಕೆ. ಅಪ್ಪನನ್ನು ನೋಡ್ಲಿಕ್ಕಂತೂ ಇಲ್ಲ, ಅಪ್ಪ ತಿಂದದ್ದನ್ನಾದ್ರೂ ತಿಂದು ಹೋಗ್ತೇನೆ ಅಂತ.”

ಮಗ್ದಲೀನಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಎಬ್ಬಾ ಚೀಲದಿಂದ ಗಾಜಿನ ಜಾಡಿಯೊಂದನ್ನು ತೆಗೆದು ಗೇಬ್ರಿಯಲ್‌ನ ಮುಂದಿಟ್ಟಳು. ಒಳಗೆ ಬೆಳ್ಳಿ ಬಣ್ಣದ ಮೀನಿನ ತುಂಡುಗಳು, ಈರುಳ್ಳಿ, ಯಾವುದೋ ಕಾಳು. ತನ್ನ ಊರಿನ ಮೀನಿನ ಉಪ್ಪಿನಕಾಯಿಯನ್ನು ಗೇಬ್ರಿಯಲ್‌ಗೆ ಒಂದು ದಿನ ತಿನ್ನಿಸುತ್ತೇನೆಂದು ಆರ್ವಿದ್ ಹೇಳುತ್ತಲೇ ಇದ್ದನಂತೆ. ಅದಕ್ಕೆಂದೇ ತಂದಿದ್ದಳು.

ಗೇಬ್ರಿಯಲ್ ಜಾಡಿಯನ್ನು ನೋಡಿದ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ಬಾಲ್ಕನಿಗೆ ಹೋಗಿ ಬೆನ್ನು ಹಾಕಿ ನಿಂತ.

ಎಬ್ಬಾಳ ಮುಖ ಸಣ್ಣದಾಯಿತು. ಲವಿಟಾ ಅವಳ ಕೈ ಹಿಡಿದು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಗಂಗೊಳ್ಳಿ, ಅಜ್ಜಿ, ಶಾಸ್ತ್ರ, ಭಾನುವಾರದ ಫುಜೈರಾ. ಎಬ್ಬಾ ಪೂರ್ತಿ ಕೇಳಿಸಿಕೊಂಡಳು. ತನ್ನ ಅಪ್ಪನಿಗಾಗಿ ಒಬ್ಬ ಮನುಷ್ಯ ಇಷ್ಟು ಕಾಲ ಮೀನು ಬಿಟ್ಟಿದ್ದಾನೆಂದು ತಿಳಿದಾಗ ಅವಳ ಕಣ್ಣು ತುಂಬಿತು. ಆಮೇಲೆ ಎಲ್ಲರೂ ಬಿಟ್ಟುಬಿಟ್ಟಿದ್ದ ಪ್ರಶ್ನೆಯನ್ನು ಅವಳು ಕೇಳಿದಳು. ಅಷ್ಟು ಇಂಗ್ಲಿಷು ಮಗ್ದಲೀನಳಿಗೂ ಬರುತ್ತಿತ್ತು.

“ಅಪ್ಪ ಸಿಗದೇ ಹೋದರೆ?”

ಬಾಲ್ಕನಿಯ ಬಾಗಿಲು ತೆರೆದೇ ಇತ್ತು. ಗೇಬ್ರಿಯಲ್‌ಗೆ ಕೇಳಿಸಿತು, ಆದರೆ ತಿರುಗಲಿಲ್ಲ.

ಎಬ್ಬಾ ಲವಿಟಾಳಿಗೆ ಮತ್ತೇನೋ ಹೇಳಿದಳು. ನಾಡಿದ್ದು ಅವಳ ವಿಮಾನ. ಗೋರಿಯಿಲ್ಲ, ಹೆಣವಿಲ್ಲ, ಅಪ್ಪನನ್ನು ಎಲ್ಲಿ ಬಿಟ್ಟು ಬಂದೆ ಎಂದು ಊರಿನಲ್ಲಿ ಹೇಳುವುದಕ್ಕೆ ಒಂದು ಜಾಗವಿಲ್ಲ. ಅಪ್ಪ ಸತ್ತನೆಂದು ಇಲ್ಲಿ ಒಬ್ಬರಾದರೂ ತನ್ನ ಜೊತೆ ಕೂತು ಹೇಳಲಿ ಎಂದು ಬಂದಿದ್ದಳಂತೆ. ರಾಯಭಾರ ಕಚೇರಿಯಲ್ಲಿ ಹೇಳಿದರು. ಆದರೆ ಅವರು ಅಪ್ಪನನ್ನು ಕಂಡವರಲ್ಲ.

ಮಗ್ದಲೀನ್ ಮೇಜಿನ ಈ ಕಡೆ ಆ ಹುಡುಗಿಯನ್ನು ನೋಡಿದಳು, ಆ ಕಡೆ ಗಂಡನ ಬೆನ್ನನ್ನು ನೋಡಿದಳು. ಜಗಲಿಯಲ್ಲಿ ಕೂತ ಅಜ್ಜಿಯ ಬೆನ್ನೂ ಹೀಗೇ ಇತ್ತು. ಇನ್ನು ಸ್ವಲ್ಪ ಕಾಲ ಬಿಟ್ಟರೆ ಈ ಮನುಷ್ಯ ತನಗೆ ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಕಡಲು ಒಬ್ಬನನ್ನು ಕೊಂಡುಹೋಗಿದೆ, ಇನ್ನೊಬ್ಬನನ್ನು ಸುಮ್ಮನೆ ಕೊಟ್ಟು ಕೂರಲು ಅವಳೇನು ಕಲ್ಲೇ? ಅವಳಿಗೆ ಸಿಟ್ಟು ಬಂತು. ಅಜ್ಜಿಯ ಮೇಲೆ, ಶಾಸ್ತ್ರದ ಮೇಲೆ, ಬತ್ತಿ ಬಡಿಯುತ್ತ ಕೆಳಗೇ ಉಳಿದ ಆರ್ವಿದ್‌ನ ಮೇಲೂ. ಆ ಸಿಟ್ಟಿನಲ್ಲೇ ಬಾಯಿಗೆ ಬಂದದ್ದನ್ನು ಹೇಳಿದಳು. ಬಾಲ್ಕನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು.

“ಲವಿಟಾ, ಅವಳಿಗೆ ಹೇಳು. ಈ ಪಥ್ಯಕ್ಕೆ ಕೊನೆ ಉಂಟು. ಹೆಣ ಸಿಗದಿದ್ರೆ, ಸತ್ತವನ ಹೊಟ್ಟೆಯಲ್ಲಿ ಹುಟ್ಟಿದ ಮಗು ತನ್ನ ಕೈಯಾರೆ ಒಂದು ತುಂಡು ಮೀನು ಪಥ್ಯ ಹಿಡಿದವನ ಬಾಯಿಗೆ ಕೊಟ್ರೆ ಪಥ್ಯ ಬಿಟ್ಟ ಹಾಗೆ. ಮಣ್ಣು ಮಾಡಿದ ಹಾಗೇ ಲೆಕ್ಕ. ನನ್ನ ಅಜ್ಜಿ ಹೇಳ್ತಿದ್ರು.”

ಲವಿಟಾ ತಾಯಿಯನ್ನೇ ನೋಡಿದಳು. “ಮಮ್ಮಿ, ಆರ್ ಯು ಶೂರ್?”

“ನಾನು ಹೇಳಿದ್ದನ್ನು ಹೇಳು ನೀನು.”

ಮಗ್ದಲೀನಳ ಅಜ್ಜಿ ಕಾರ್ಕಳದ ಅತ್ತೂರಿನವಳು. ಗದ್ದೆ, ಎಮ್ಮೆ, ಚರ್ಚು ಬಿಟ್ಟು ಬೇರೆ ಕಂಡವಳಲ್ಲ. ಹುಟ್ಟಿದ ಮೇಲೆ ಅವಳು ಕಡಲನ್ನು ನೋಡಿರಲೇ ಇಲ್ಲ, ಮೀನು ಬುಟ್ಟಿಯಲ್ಲಿ ಹುಟ್ಟುತ್ತದೆಂದು ಹೇಳಿದ್ದರೂ ನಂಬುತ್ತಿದ್ದಳೇನೋ. ಅಂಥ ಶಾಸ್ತ್ರ ಅತ್ತೂರಿನಲ್ಲೂ ಇರಲಿಲ್ಲ, ಗಂಗೊಳ್ಳಿಯಲ್ಲೂ ಇರಲಿಲ್ಲ. ಈ ಗಳಿಗೆಯಲ್ಲಿ, ಕೋಳಿ ಸುಕ್ಕ ಆರುತ್ತಿದ್ದ ಈ ಮೇಜಿನ ಮುಂದೆ ಹುಟ್ಟಿದ ಶಾಸ್ತ್ರ ಅದು. ಗೇಬ್ರಿಯಲ್ ತಿರುಗಿ ‘ಸುಳ್ಳು’ ಎಂದು ಒಂದು ಮಾತು ಹೇಳಿದರೆ ಎಲ್ಲ ಮುಗಿಯಿತು. ಆಮೇಲೆ ಈ ಮನೆಗೆ ಯಾವ ಕಾಲಕ್ಕೂ ಕೊನೆಯಿಲ್ಲದ ಪಥ್ಯವೇ ಗತಿ.

ಎಬ್ಬಾ ನಂಬಿದಳು. ಯಾಕೆ ನಂಬಬಾರದು? ಅವಳು ಎದ್ದು ಜಾಡಿಯ ಮುಚ್ಚಳ ತಿರುಗಿಸಿದಳು, ಫೋರ್ಕಿಗೆ ಕೈ ಚಾಚಿದಳು.

“ಫೋರ್ಕ್ ಆಗೂದಿಲ್ಲ. ಕೈಯಲ್ಲಿ,” ಎಂದಳು ಮಗ್ದಲೀನ್. ಸುಳ್ಳು ಹೇಳುವುದಾದರೆ ಅಚ್ಚುಕಟ್ಟಾಗಿ ಹೇಳಬೇಕಲ್ಲ.

ಎಬ್ಬಾ ಬೆರಳುಗಳಿಂದ ಒಂದು ತುಂಡು ತೆಗೆದಳು. ರಸ ಮಣಿಕಟ್ಟಿಗೆ ಇಳಿಯಿತು. ಅವಳು ಬಾಲ್ಕನಿಯ ಹೊಸಿಲ ತನಕ ಹೋಗಿ ನಿಂತಳು. “ಗೇಬ್ರಿಯಲ್,” ಎಂದಳು. ಆರ್ವಿದ್ ಆ ಹೆಸರನ್ನು ಹೇಗೆ ಎಳೆದು ಕರೆಯುತ್ತಿದ್ದನೋ ಹಾಗೇ.

ಗೇಬ್ರಿಯಲ್ ತಿರುಗಿದ. ಅವನು ನೋಡಿದ್ದು ಎಬ್ಬಾಳನ್ನಲ್ಲ. ಅವಳ ಹೆಗಲ ಮೇಲಿಂದ ನೇರವಾಗಿ ಹೆಂಡತಿಯ ಮುಖ ನೋಡಿದ. ಮಗ್ದಲೀನ್ ಕಣ್ಣು ತಗ್ಗಿಸಲಿಲ್ಲ. ಬೇಡುವುದು ಅವಳಿಗೆ ಬರುತ್ತಿರಲಿಲ್ಲ, ಆದರೂ ಆ ಹೊತ್ತಿನಲ್ಲಿ ಬೇಡಿದಳು.

ಅವನು ಬಾಯಿ ತೆರೆದ.

ಎಬ್ಬಾ ತುಂಡನ್ನು ಅವನ ಬಾಯಿಗೆ ಇಟ್ಟಳು. ಅವನು ಅಗಿದ. ಮುಖ ಕಿವುಚಿಕೊಂಡಿತು. ಮತ್ತೆ ಅಗಿದ. ಅಷ್ಟರಲ್ಲಿ ಕಣ್ಣಿನಿಂದ ನೀರು ಇಳಿದು ಗಲ್ಲಕ್ಕೆ ಬಂತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ನುಂಗಿದ ಮೇಲೆ ಲವಿಟಾಳಿಗೆ, “ಮೀನಿಗೆ ಸಕ್ಕರೆ ಯಾರಾದ್ರೂ ಹಾಕ್ತಾರಾ ಅಂತ ಕೇಳು ಅವಳ ಹತ್ರ,” ಎಂದ. ಲವಿಟಾ ಕೇಳಿದಳು. ಎಬ್ಬಾ ನಗಲು ಹೋಗಿ ಅವನ ಅಂಗಿಗೆ ಮುಖ ಒತ್ತಿ ಅತ್ತಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟ, ತುಂಬಾ ಹೊತ್ತು ತೆಗೆಯಲಿಲ್ಲ.

ಆಮೇಲೆ ಮಗ್ದಲೀನ್ ಕೆಳಗಿನ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬಂಗುಡೆ ತಂದಳು. ಮಂಚದಡಿಯಿಂದ ಬಿಸಲೆ ಹೊರಗೆ ಬಂತು. ಊಟ ಮುಗಿಯುವಾಗ ಸಂಜೆಯಾಗಿತ್ತು. ಎಬ್ಬಾಳ ಕಿವಿ ಕೆಂಪಾಗಿ ಮೂಗು ಸೋರುತ್ತಿತ್ತು. ಹೋಗುವ ಮೊದಲು ಅವಳು ವರ್ಕ್‌ಶಾಪು ನೋಡಬೇಕೆಂದಳು. ಗೇಬ್ರಿಯಲ್ ಕರೆದುಕೊಂಡು ಹೋಗಿ ಅವಳ ಅಪ್ಪನ ಉಳಿ, ಕೊಡತಿಗಳನ್ನೆಲ್ಲ ತೋರಿಸಿದ, ಬೇಕಾದ್ದನ್ನು ತೆಗೆದುಕೊಂಡು ಹೋಗು ಎಂದ. ಅವಳು ಒಂದೇ ಒಂದು ಉಳಿ ತೆಗೆದುಕೊಂಡಳು, ಉಳಿದದ್ದು ಇಲ್ಲಿಯೇ ಕೆಲಸ ಮಾಡಲಿ ಎಂದಳು. ನಾಳೆ ಸಂಜೆ ಚರ್ಚಿನಲ್ಲಿ ಆರ್ವಿದ್‌ನ ಹೆಸರಿನಲ್ಲಿ ಪೂಜೆ ಕೊಡುವುದಾಗಿಯೂ ಅವಳೂ ಬರಬೇಕೆಂದೂ ಗೇಬ್ರಿಯಲ್ ತಾನೇ ಹೇಳಿದ.

ಲವಿಟಾ ಅವಳನ್ನು ಕರೆದುಕೊಂಡು ಹೋದ ಮೇಲೆ ಮಗ್ದಲೀನ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗೇಬ್ರಿಯಲ್ ಬಂದು ಬಾಗಿಲಿಗೆ ಒರಗಿ ನಿಂತ.

“ನಿನ್ನ ಅಜ್ಜಿ ಕಡಲು ನೋಡಿದವರೇ ಅಲ್ಲ.”

“ಹೌದು.”

“ನಂಗೆ ಗೊತ್ತಿತ್ತು.”

“ಗೊತ್ತಿದ್ದೂ ಬಾಯಿ ತೆರೆದ್ರಿ.”

ಅವನು ತೊಳೆದಿಟ್ಟ ಬಿಸಲೆಯನ್ನು ಒರೆಸಲು ಎತ್ತಿಕೊಂಡ. “ಆ ಹುಡುಗಿ ಅಷ್ಟು ದೂರದಿಂದ ಬಂದದ್ದು ಮಗ್ದಾ. ಅಪ್ಪ ಇಲ್ಲ ಅಂತ ಅವಳಿಗೆ ಗೊತ್ತುಂಟು. ನಾನು ಇದ್ದಾನೆ ಇದ್ದಾನೆ ಅಂತ ಕೂತ್ರೆ ಅವಳು ಯಾರ ಹತ್ರ ಹೋಗಿ ಅಳೂದು?” ಬಿಸಲೆಯನ್ನು ಕಟ್ಟೆಯ ಮೇಲೆ ಇಟ್ಟ. “ಆರ್ವಿದ್ ಸತ್ತ, ಅಲ್ವಾ?”

ಚಳಿಗಾಲದ ಕೊನೆಯಿಂದ ಈ ಮನೆಯಲ್ಲಿ ಯಾರೂ ಆಡದ ಮಾತು ಅದು. ಅವಳೂ ಆಡಿರಲಿಲ್ಲ, ಅವಳೂ ಅತ್ತಿರಲಿಲ್ಲ. ಗಂಡನನ್ನು ಕಾಯುವುದರಲ್ಲಿ ತನಗೂ ಒಬ್ಬ ತಮ್ಮ ಹೋದ ಎಂಬುದಕ್ಕೆ ಅವಳಿಗೆ ಪುರುಸೊತ್ತೇ ಆಗಿರಲಿಲ್ಲ.

“ಸತ್ತ,” ಎಂದಳು ಮಗ್ದಲೀನ್. ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಗಂಡನ ಅಂಗಿ ಹಿಡಿದುಕೊಂಡು, ನೆರೆಯವರಿಗೆ ಕೇಳಿದರೆ ಕೇಳಲಿ ಎಂದು ಗಟ್ಟಿಯಾಗಿ ಅತ್ತಳು.